ಬೂದಿಯ ಕುತ್ತಿಗೆ ಓರೆಯಾದ ದಿನ

ಶಿವನು ಭೂಮಿಯನ್ನು ಮಾಡಿ ಮುಗಿಸಿ, ಕೈ ತೊಳೆದುಕೊಳ್ಳಲು ಹಳ್ಳಕ್ಕೆ ಇಳಿದಿದ್ದ ಕಾಲ ಅದು. ಗುಡ್ಡಗಳ ಮಣ್ಣು ಇನ್ನೂ ಆರಿರಲಿಲ್ಲ. ಕಲ್ಲುಗಳಿಗೂ ಮಾತು ಬರುತ್ತಿತ್ತು, ಆದರೆ ಅವು ಹೆಚ್ಚು ಆಡುತ್ತಿರಲಿಲ್ಲ. ಗಾಳಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಆಗ ನಾಯಿಯ ಕುತ್ತಿಗೆ ತೋಳದ ಕುತ್ತಿಗೆಯ ಹಾಗೆಯೇ ಇತ್ತು. ನೆಲಕ್ಕೆ ಬಡಿದ ಗೂಟದಷ್ಟು ನೆಟ್ಟಗೆ. ಮೇಲೆ ನೋಡಲು ಬರುತ್ತಿತ್ತು, ಕೆಳಗೆ ನೋಡಲು ಬರುತ್ತಿತ್ತು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವುದು ಮಾತ್ರ ಬರುತ್ತಿರಲಿಲ್ಲ.

ಬಯಲಿನಲ್ಲಿ ಒಂದು ಕುರುಬರ ಹಟ್ಟಿ ಇತ್ತು. ಒಂದು ಚಳಿಗಾಲ ಆ ಹಟ್ಟಿಯ ಬೆಂಕಿಯ ಹತ್ತಿರಕ್ಕೆ ಒಂದು ಹೆಣ್ಣು ನಾಯಿ ಬಂತು. ಆರಿದ ಒಲೆಯ ಬೂದಿಯಲ್ಲಿ ಮುದುರಿ ಮಲಗಿತು. ಬೆಳಿಗ್ಗೆ ಎದ್ದು ಮೈ ಕೊಡವಿದರೂ ಬೂದಿಯ ಬಣ್ಣ ಹೋಗಲಿಲ್ಲ. ಅದಕ್ಕೇ ಜನ ಅದನ್ನು ಬೂದಿ ಎಂದು ಕರೆದರು.

ಬೂದಿ ಬಂದದ್ದು ಹಳ್ಳದ ಆಚೆಯಿಂದ. ಆಚೆ ತೋಳಗಳಿದ್ದವು; ಅವಳು ಬೆಳೆದದ್ದು ಅವುಗಳ ನಡುವೆಯೇ. ಅವಳು ಹೊರಟಾಗ ಹಿರಿಯ ತೋಳ ಹೇಳಿತ್ತು: “ಹೋಗು. ಆದರೆ ಮೈಗೆ ಹೊಗೆಯ ವಾಸನೆ ಹತ್ತಿದ ಮೇಲೆ ಮರಳಿ ಈ ದಂಡೆ ಹತ್ತಬೇಡ. ಹತ್ತಿದರೆ ನೀನು ನಮ್ಮ ಮಗಳಲ್ಲ, ನಮ್ಮ ಊಟ.”

ಆ ಮಾತು ಬೂದಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಹಳ್ಳದ ಕಡೆಯಿಂದ ಗಾಳಿ ಬಂದರೆ ಸಾಕು, ಅವಳ ಬೆನ್ನಿನ ಕೂದಲು ಏಳುತ್ತಿತ್ತು.

ಹಟ್ಟಿಯವರಿಗೆ ಕುರಿ ಕಾಯುವ ಜೊತೆಗಾತಿ ಬೇಕಾಗಿತ್ತು. ಆದರೆ ನಾಯಿಗೆ ಕಲಿಸುವುದು ಹೇಗೆ? ಲೋಕದಲ್ಲಿ ಅದುವರೆಗೆ ಯಾರೂ ನಾಯಿಗೆ ಏನನ್ನೂ ಕಲಿಸಿರಲಿಲ್ಲ.

ಮಾಳಪ್ಪ ಎಂಬವನು ಬಡಿಗೆ ಹಿಡಿದ. “ಬಾ” ಎಂದಾಗ ಬರದಿದ್ದರೆ ಪಕ್ಕೆಗೆ ಒಂದು ಬಿಡುತ್ತಿದ್ದ. ಅವನ ಅಕ್ಕ ಬಾಳವ್ವ ಜೋಳದ ರೊಟ್ಟಿ ಹಿಡಿದಳು. “ಬಾ ನನ್ನವ್ವಾ” ಎಂದಾಗ ಬಂದರೆ ಒಂದು ಚೂರು ಕೊಡುತ್ತಿದ್ದಳು. ಬರದಿದ್ದರೆ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ನಗುನಗುತ್ತಲೇ ಆ ಚೂರನ್ನು ಬೂದಿಯ ಕಣ್ಣೆದುರಿಗೆ ಕಾಗೆಗೆ ಎಸೆಯುತ್ತಿದ್ದಳು.

ಬೂದಿಗೆ ಬಡಿಗೆಯನ್ನು ಕಂಡರೂ ಹೆದರಿಕೆ, ಕಾಗೆಯನ್ನು ಕಂಡರೂ ಹೆದರಿಕೆ.

ಅಕ್ಕ ತಮ್ಮಂದಿರ ಈ ಜಗಳ ಮನೆಯೊಳಗೆ ನಿಲ್ಲಲಿಲ್ಲ. ಇಡೀ ಹಟ್ಟಿ ಎರಡಾಯಿತು.

“ಅಕ್ಕಾ, ನಿನ್ನ ನಾಯಿ ರೊಟ್ಟಿ ಕಂಡ್ರ ಬರ್ತೈತಿ. ನಾಳೆ ತೋಳ ಬಾಯಾಗ ರೊಟ್ಟಿ ಕಚ್ಚಿಕೊಂಡು ಬಂದ್ರ? ಅದರ ಬೆನ್ನು ಹತ್ತಿ ಹೊಂಟುಬಿಡ್ತೈತಿ,” ಎಂದು ಮಾಳಪ್ಪ ನಾಲ್ಕು ಜನರ ಮುಂದೆ ಅಣಕಿಸಿದ.

ಅವನ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಗ್ರಿ, ನಗ್ರಿ,” ಎಂದಳು ಬಾಳವ್ವ. “ನಿನ್ನ ಬಡಿಗಿಗೆ ಅಂಜೂ ನಾಯಿ ತೋಳಕ್ಕ ಅಂಜೂದಿಲ್ಲೇನೋ ತಮ್ಮಾ? ತೋಳದ ಬಾಯಾಗ ಎಷ್ಟು ಹಲ್ಲು ಅದಾವ ನೋಡಿಯೇನು? ನಿನ್ನ ಕೈಯಾಗ ಒಂದ ಬಡಿಗಿ.”

ಈಗ ಅವಳ ಕಡೆಯವರು ನಕ್ಕರು.

ದಿನಗಳು ಕಳೆದ ಹಾಗೆ ನಗು ನಿಂತಿತು, ಮುಖಗಳು ಬಿಗಿದವು. ಬಡಿಗೆಯವರು ರೊಟ್ಟಿಯವರ ಕಂಬಳಿಯ ಮೇಲೆ ಕೂರುವುದನ್ನು ಬಿಟ್ಟರು. ಕುರುಬರಲ್ಲಿ ಒಬ್ಬರು ಹಾಸಿದ ಕಂಬಳಿಯ ಮೇಲೆ ಇನ್ನೊಬ್ಬರು ಕೂರಲಿಲ್ಲವೆಂದರೆ ಅದಕ್ಕಿಂತ ದೊಡ್ಡ ಮುನಿಸು ಇಲ್ಲ.

ಹಟ್ಟಿಯ ಪೂಜಾರಿ ನಿಂಗಜ್ಜನಿಗೆ ಇದನ್ನು ನೋಡಲಾಗಲಿಲ್ಲ. ಒಂದು ದಿನ ಊಟದ ಹೊತ್ತು ಕಳೆದ ಮೇಲೆ ಅವನು ಎಲ್ಲರನ್ನೂ ಬಯಲಿಗೆ ಕರೆದ. ದೇವರ ಅರಿಶಿನ, ಅಂದರೆ ಭಂಡಾರವನ್ನು, ಮುಷ್ಟಿಯಲ್ಲಿ ಹಿಡಿದು ಹೇಳಿದ:

“ಕೇಳ್ರಪಾ. ನಡುವೆ ಕಂಬಳಿ ಹಾಸ್ತೀನಿ, ನಾಯಿ ಅದರ ಮ್ಯಾಲೆ ನಿಂದರಲಿ. ಮಾಳಪ್ಪ ಆ ಬನ್ನಿ ಗಿಡದ ಹತ್ತಿರ ನಿಂತು ಕರೀಲಿ, ಬಾಳವ್ವ ಈ ಬಂಡೆಗಲ್ಲಿನ ಹತ್ತಿರ. ಇಬ್ಬರೂ ಕೈ ಬೆನ್ನಿಗೆ ಕಟ್ಟಬೇಕು. ಏನು ಹಿಡಿದೀರಿ ಅನ್ನೂದು ನಾಯಿಗೆ ಕಾಣಬಾರದು. ಡೊಳ್ಳು ಇಪ್ಪತ್ತೊಂದು ಬಡಿತ ಬಡೀತೈತಿ. ಅಷ್ಟರಾಗ ಯಾರ ಕಡೆ ಹೋಗ್ತೈತೋ ಅವರು ಗೆದ್ದಂಗ.”

“ಯಾರ ಕಡೀಗೂ ಹೋಗದಿದ್ರ, ಯಜ್ಜಾ?” ಎಂದು ಯಾರೋ ಕೇಳಿದರು.

ನಿಂಗಜ್ಜ ಮುಷ್ಟಿ ಮೇಲೆತ್ತಿದ. “ಇಬ್ಬರ ಮಾತೂ ಕೇಳದ ನಾಯಿ ನಮಗ ಯಾಕ? ಹೊತ್ತು ಮುಳುಗೂದ್ರಾಗ ಹಳ್ಳ ದಾಟಿಸಿ ಬಿಡೂನು,” ಎಂದು ಭಂಡಾರವನ್ನು ನೆಲಕ್ಕೆ ತೂರಿದ.

ಭಂಡಾರ ತೂರಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆಡಿದವನೂ ತೆಗೆದುಕೊಳ್ಳುವಂತಿಲ್ಲ.

ಬೂದಿ ಆ ಹಳದಿ ಪುಡಿ ನೆಲಕ್ಕೆ ಬೀಳುವುದನ್ನು ನೋಡಿದಳು. ಹಳ್ಳ ಎಂಬ ಮಾತು ಅವಳಿಗೆ ತಿಳಿಯಿತು.

ಈ ಪಂದ್ಯವನ್ನು ನೋಡಬೇಕೆಂದು ಹಟ್ಟಿಗೆ ಹಟ್ಟಿಯೇ ಬಂದು ನಿಂತಿತ್ತು. ದಿಬ್ಬದ ಆಚೆ ಮರಿಗಳ ರೊಪ್ಪವಿತ್ತು. ಮುಳ್ಳಿನ ಬೇಲಿ ಹಾಕಿದ ಸಣ್ಣ ದೊಡ್ಡಿ. ಆ ವರ್ಷ ಹುಟ್ಟಿದ ಮರಿಗಳೆಲ್ಲ ಅದರೊಳಗಿದ್ದವು. ಅದನ್ನು ಕಾಯುತ್ತಿದ್ದ ಮುದುಕಿಯೂ ಅದರ ಬಾಗಿಲಿಗೆ ಜಾಲಿಯ ಕೊಂಬೆಯನ್ನು ಆನಿಸಿಟ್ಟು, ಹಗ್ಗ ಬಿಗಿಯದೆ ಓಡಿ ಬಂದಿದ್ದಳು. ಕುರಿ ಕಾಯುವ ನಾಯಿಗೆ ಕಲಿಸುವುದು ಹೇಗೆಂದು ತೀರ್ಮಾನಿಸಲು ಕೂಡಿದ್ದ ಅಷ್ಟು ಜನರಲ್ಲಿ ಕುರಿ ಕಾಯುತ್ತಿದ್ದವರು ಒಬ್ಬರೂ ಇರಲಿಲ್ಲ.

ಡೊಳ್ಳು ಮೊದಲ ಬಡಿತ ಬಡಿಯಿತು.

“ಬೂದೀ! ಬಾ ಇಲ್ಲಿ!” ಮಾಳಪ್ಪನ ದನಿ ಎಡಗಿವಿಗೆ ಬಂದು ಬಡಿಯಿತು. ಪಕ್ಕೆಯ ಹಳೆಯ ನೋವು ಚುಳ್ಳೆಂದಿತು.

“ಬೂದೀ, ಬಾ ನನ್ನವ್ವಾ!” ಬಾಳವ್ವನ ದನಿ ಬಲಗಿವಿಗೆ ಬಂತು. ಹೊಟ್ಟೆಗೆ ರೊಟ್ಟಿ ನೆನಪಾಯಿತು. ಎಲ್ಲೋ ಕಾಗೆಯೊಂದು ರೆಕ್ಕೆ ಬಡಿಯಿತು.

ಬೂದಿ ಒಂದು ಹೆಜ್ಜೆ ಎಡಕ್ಕೆ ಇಟ್ಟಳು. ಬೆನ್ನ ಹಿಂದೆ ಇರುವುದು ಬಡಿಗೆಯೇ ಆಗಿದ್ದರೆ? ಹೆಜ್ಜೆ ಹಿಂದಕ್ಕೆ ಬಂತು. ಬಲಕ್ಕೆ ಇಟ್ಟಳು. ಬೆನ್ನ ಹಿಂದೆ ರೊಟ್ಟಿಯೇ ಇಲ್ಲದಿದ್ದರೆ? ಆ ಹೆಜ್ಜೆಯೂ ಹಿಂದಕ್ಕೆ ಬಂತು. ಡೊಳ್ಳು ಬಡಿಯುತ್ತಲೇ ಇತ್ತು. ಜನ ಕೂಗುತ್ತಲೇ ಇದ್ದರು. ಬೂದಿಯ ಬಾಲ ತಾನಾಗಿ ಕಾಲುಗಳ ನಡುವೆ ಸೇರಿಕೊಂಡಿತು.

ಆಗ ಹಳ್ಳದ ಕಡೆಯಿಂದ ಗಾಳಿ ಬಂತು.

“ಬೂದೀ,” ಎಂದಿತು ಗಾಳಿ, “ಮೂರನೆಯ ಸದ್ದು ಕೇಳಿತೇ?”

“ಎರಡೇ ನನಗೆ ಹೆಚ್ಚಾಗಿವೆ. ಮೂರನೆಯದು ಯಾವುದು?”

“ಕೇಳು.”

ಆದರೆ ಹೇಗೆ ಕೇಳುವುದು? ಕುತ್ತಿಗೆ ನೆಟ್ಟಗೆ. ಎಡಗಿವಿಯೊಳಗೆ ಒಂದು ಕೂಗು, ಬಲಗಿವಿಯೊಳಗೆ ಒಂದು ಕೂಗು, ಎರಡೂ ನಡುತಲೆಯಲ್ಲಿ ಡಿಕ್ಕಿ ಹೊಡೆಯುತ್ತಿದ್ದವು. ಬೂದಿಗೆ ಮಂತ್ರ ಗೊತ್ತಿರಲಿಲ್ಲ, ಕೈ ಮುಗಿಯಲು ಕೈ ಇರಲಿಲ್ಲ. ‘ಶಿವನೇ, ಒಂದು ಕಿವಿಯನ್ನಾದರೂ ಬಿಡಿಸು’ ಎಂದುಕೊಂಡಳು, ಅಷ್ಟೇ.

ಕುತ್ತಿಗೆಯೊಳಗೆ ಕಟಕ್ ಎಂದಿತು.

ತಲೆ ಒಂದು ಪಕ್ಕಕ್ಕೆ ವಾಲಿತು. ಒಂದು ಕಿವಿ ಆಕಾಶದ ಕಡೆಗೆ ತೆರೆದುಕೊಂಡಿತು. ಕೂಗುಗಳು ನೀರಿನ ಹಾಗೆ ಪಕ್ಕಕ್ಕೆ ಹರಿದುಹೋದವು. ಅವುಗಳ ಹಿಂದೆ, ದಿಬ್ಬದ ಆಚೆ, ಸಣ್ಣಗೆ, ಜಾಲಿಯ ಕೊಂಬೆ ನೆಲದ ಮೇಲೆ ಎಳೆದಾಡಿದ ಸದ್ದು ಕೇಳಿತು. ಆಮೇಲೆ ಒಂದು ಮರಿ “ಮ್ಯಾ” ಎಂದಿತು. ಅರ್ಧಕ್ಕೇ ನಿಲ್ಲಿಸಿತು.

ಬೂದಿಗೆ ವಾಸನೆಯೂ ಹತ್ತಿತು. ಅವಳಿಗೆ ಗೊತ್ತಿದ್ದ ವಾಸನೆ.

ಹದಿನೆಂಟು, ಎಂದಿತು ಡೊಳ್ಳು.

ಕಂಬಳಿ ಬಿಟ್ಟು ಓಡಿದರೆ ಹಳ್ಳದ ಆಚೆಗೆ ಹೋಗಬೇಕು. ಅಲ್ಲಿ ಹಲ್ಲುಗಳಿವೆ. ನಿಂತಲ್ಲೇ ನಿಂತರೂ ಅಷ್ಟೇ. ಎಡಕ್ಕೋ ಬಲಕ್ಕೋ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಇಲ್ಲೇ ಉಳಿದು ಒಲೆಯ ಬೂದಿಯ ಮೇಲೆ ಬೆಚ್ಚಗೆ ಮಲಗಬಹುದು. ಬೂದಿ ಹೆದರುತ್ತಲೇ, ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನೇರ ಹಿಂದಕ್ಕೆ ತಿರುಗಿ ದಿಬ್ಬದ ಕಡೆ ಓಟ ಕಿತ್ತಳು.

“ಓಡ್ತಲ್ರೋ! ಕಾಡಿನ ಬುದ್ಧಿ ತೋರಿಸ್ತು ನೋಡ್ರಿ!” ಎಂದು ಜನ ಕೂಗಿದರು.

ರೊಪ್ಪದ ಬಾಗಿಲಲ್ಲಿ ಹಿರಿಯ ತೋಳ ನಿಂತಿತ್ತು. ಒಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಮೂಲೆಗೆ ಒತ್ತಿಕೊಂಡಿದ್ದವು. ಬೂದಿ ನುಸುಳಿ ಹೋಗಿ ತೋಳಕ್ಕೂ ಮರಿಗಳಿಗೂ ನಡುವೆ ನಿಂತಳು.

“ಹೊಗೆ ನಾರುತ್ತೀಯ,” ಎಂದಿತು ತೋಳ.

ಬೂದಿ ನಾಲ್ಕೂ ಕಾಲು ನೆಲಕ್ಕೆ ಊರಿದಳು.

“ಹೆದರಿದ್ದೀಯ.”

“ಹೌದು. ಬಹಳ ಹೆದರಿದ್ದೇನೆ.”

“ಹಾಗಾದರೆ ದಾರಿ ಬಿಡು.”

“ಹೆದರಿಕೆಗೆ ಕಾಲೇ ಏಳುತ್ತಿಲ್ಲ,” ಎಂದಳು ಬೂದಿ. “ದಾರಿ ಹೇಗೆ ಬಿಡಲಿ?”

ತೋಳ ಹಾರಿತು. ಹಲ್ಲು ಅವಳ ಹೆಗಲಿಗೆ ಇಳಿಯಿತು. ಬೂದಿ ಬಿದ್ದಳು, ಎದ್ದಳು, ಮತ್ತೆ ಅದೇ ಜಾಗದಲ್ಲಿ ನಿಂತಳು. ಗಂಟಲಿನಿಂದ ಒಂದು ಕೂಗು ಹೊರಟಿತು. ಗಾಳಿ ಅದನ್ನು ಎತ್ತಿಕೊಂಡು ದಿಬ್ಬ ಹತ್ತಿಸಿ, ಬಯಲಿಗೆ ಒಯ್ದು, ಇಪ್ಪತ್ತೊಂದನೆಯ ಬಡಿತದ ಮೇಲೆ ಹಾಕಿತು.

ಜನ ಓಡಿ ಬಂದರು. ಎಲ್ಲರಿಗಿಂತ ಮುಂದೆ ಬಡಿಗೆ ಎತ್ತಿಕೊಂಡು ಮಾಳಪ್ಪ, ಅವನ ಹಿಂದೆಯೇ ಕೈಗೆ ಸಿಕ್ಕ ಕಲ್ಲು ಹಿಡಿದು ಬಾಳವ್ವ. ತೋಳ ಒಮ್ಮೆ ಎಲ್ಲರನ್ನೂ ನೋಡಿ, ಬೇಲಿ ಹಾರಿ, ಹಳ್ಳ ದಾಟಿ ಹೋಯಿತು. ಮುದುಕಿ ಮರಿಗಳನ್ನು ಎಣಿಸಿದಳು. ಒಂದೂ ಕಡಿಮೆಯಾಗಿರಲಿಲ್ಲ.

ಎಲ್ಲರೂ ನಿಂಗಜ್ಜನನ್ನು ನೋಡಿದರು.

ನಿಂಗಜ್ಜನ ಕೈಯಲ್ಲಿ ಇನ್ನೂ ಭಂಡಾರದ ಹಳದಿ ಹತ್ತಿಕೊಂಡಿತ್ತು. ಅವನು ಅದನ್ನೇ ನೋಡುತ್ತ ನಿಂತ. “ಇಪ್ಪತ್ತೊಂದು ಬಡಿತ ಮುಗೀತು. ನಾಯಿ ಯಾರ ಕಡೀಗೂ ಹೋಗಲಿಲ್ಲ,” ಎಂದ. “ನನ್ನ ನಾಲಿಗಿ ಸುಟ್ಟು ಹೋಗಲಿ. ಆದ್ರ ದೇವರ ಮುಂದ ಆಡಿದ ಮಾತು.”

ಬಾಳವ್ವ ಸೆರಗಿನಿಂದ ಬೂದಿಯ ಹೆಗಲು ಒರೆಸಿದಳು. ಮಾಳಪ್ಪ ನಾಯಿಯನ್ನು ಮರಿಯ ಹಾಗೆ ಎತ್ತಿಕೊಂಡ. ಹಳ್ಳ ದಾಟಿಸಿ ಆಚೆ ದಂಡೆಯ ಮರಳಿನ ಮೇಲೆ ಇಳಿಸಿ, ಹಿಂದಕ್ಕೆ ನೋಡದೆ ಬಂದುಬಿಟ್ಟ.

ಬೂದಿ ಒಬ್ಬಳೇ ಉಳಿದಳು. ಹಿಂದಿನ ಪೊದೆಗಳಲ್ಲಿ ಎಲೆ ಅಲ್ಲಾಡಿತು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

“ಎಷ್ಟು ತೋಳಗಳು ಬಂದಿವೆ?” ಎಂದು ಗಾಳಿಯನ್ನು ಕೇಳಿದಳು.

“ಕೇಳಬೇಡ,” ಎಂದಿತು ಗಾಳಿ.

ಹಳ್ಳ ಮೆಲ್ಲಗೆ ಹೇಳಿತು: “ಸ್ವಲ್ಪ ತಾಳು ಮಗಳೇ. ಹಟ್ಟಿಯ ಕಡೆಯ ದಂಡೆಯಲ್ಲಿ ಏನೋ ಗದ್ದಲ ನಡೆದಿದೆ.”

ಈಚೆ ದಂಡೆಯಲ್ಲಿ ಮಾಳಪ್ಪ ಬೇಲಿಯ ಮುಳ್ಳು ಕೀಳುತ್ತಿದ್ದ. ಬಾಳವ್ವ ಕಂಬಳಿ ಸುತ್ತುತ್ತಿದ್ದಳು.

“ಏನ್ ನಡಿಸೀರಿ ನೀವಿಬ್ರೂ?” ಎಂದ ನಿಂಗಜ್ಜ.

“ನಾಯಿ ಹಳ್ಳ ದಾಟಬೇಕು ಅಂದಿ ಯಜ್ಜಾ, ದಾಟೈತಿ,” ಎಂದಳು ಬಾಳವ್ವ. “ನಾವು ದಾಟಬಾರದು ಅಂತ ಭಂಡಾರ ತೂರಿಯೇನು?”

ಮಾಳಪ್ಪ ತಲೆಯೆತ್ತದೆ ಹೇಳಿದ: “ಹುಲ್ಲು ಮುಗಿದಾಗ ಹಟ್ಟಿ ಕಿತ್ತುಕೊಂಡು ಹೋಗ್ತೀವಿ. ನೀರು ಮುಗಿದಾಗ ಹೋಗ್ತೀವಿ. ಇವತ್ತ ಹೋದ್ರ ಏನಾತು?”

ನಿಂಗಜ್ಜ ಆಕಾಶದ ಕಡೆ ನೋಡಿ ಕೈ ಮುಗಿದ. ಆಮೇಲೆ ತಾನೇ ಮೊದಲು ತನ್ನ ಗುಡಿಸಲಿನ ಗೂಟ ಕಿತ್ತ.

ಹೊತ್ತು ಮುಳುಗುವುದರೊಳಗೆ ಕುರಿ, ಮರಿ, ಮಡಕೆ, ಕಂಬಳಿ, ಬೆಂಕಿಯ ಕೆಂಡ, ಎಲ್ಲವೂ ಹಳ್ಳ ದಾಟಿದವು. ಅಷ್ಟು ಜನರ ಸದ್ದಿಗೆ, ಅಷ್ಟು ಹೊಗೆಗೆ ಪೊದೆಯ ತೋಳಗಳು ಹಿಂದೆ ಹಿಂದೆ ಸರಿದು ಗುಡ್ಡಕ್ಕೆ ಹೋದವು.

ಅಕ್ಕ ತಮ್ಮ ಜಗಳ ಬಿಟ್ಟರೆಂದು ತಿಳಿಯಬೇಡಿ. ಮೊಣಕಾಲು ನೀರಿನಲ್ಲಿ ನಡೆಯುತ್ತಲೇ “ನನ್ನ ಬಡಿಗೀಲಿಂದ ಬಂತು ಆ ಧೈರ್ಯ” ಎನ್ನುತ್ತಿದ್ದ ಅವನು; “ನನ್ನ ರೊಟ್ಟೀಲಿಂದೋ ಮೂಳಾ” ಎನ್ನುತ್ತಿದ್ದಳು ಅವಳು. ಆದರೆ ದಂಡೆ ಹತ್ತಿ ಬೂದಿಯನ್ನು ಕಂಡ ಕೂಡಲೇ ಇಬ್ಬರೂ ಸುಮ್ಮನಾದರು.

“ಬೂದೀ,” ಎಂದರು.

ಬೂದಿ ಓಡಿ ಬರಲಿಲ್ಲ. ಅದೇ ಎರಡು ದನಿ, ಅದೇ ಹೆಸರು. ಪಕ್ಕೆ ನೋವು ನೆನಪಿಸಿತು, ಹೊಟ್ಟೆ ಕಾಗೆಯನ್ನು ನೆನಪಿಸಿತು. ಅವಳು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದಳು. ಕೇಳಿದಳು. ಇನ್ನೊಂದು ಪಕ್ಕಕ್ಕೆ ವಾಲಿಸಿದಳು. ಮತ್ತೆ ಕೇಳಿದಳು.

ಮಾಳಪ್ಪ ಬೆನ್ನ ಹಿಂದಿನಿಂದ ಎರಡೂ ಕೈ ಮುಂದಕ್ಕೆ ಚಾಚಿ ತೋರಿಸಿದ. ಬಾಳವ್ವನೂ ಚಾಚಿದಳು. ನಾಲ್ಕು ಕೈಗಳಲ್ಲಿ ಹಳ್ಳದ ನೀರು ತೊಟ್ಟಿಕ್ಕುತ್ತಿತ್ತು, ಮತ್ತೇನೂ ಇರಲಿಲ್ಲ.

ಆಗ ಬೂದಿ ಕುಂಟುತ್ತ ಎದ್ದು ಬಂದಳು.

ಅಂದು ಓರೆಯಾದ ಆ ಕುತ್ತಿಗೆ ಅವಳ ಮಕ್ಕಳಿಗೆ ಬಂತು, ಮೊಮ್ಮಕ್ಕಳಿಗೆ ಬಂತು. ಇವತ್ತು ನೀವು ನಿಮ್ಮ ಅಂಗಳದ ನಾಯಿಯನ್ನು ಹೆಸರು ಹಿಡಿದು ಕರೆದಾಗ ಅದು ತಲೆ ಓರೆ ಮಾಡಿ ಒಂದು ಗಳಿಗೆ ನಿಮ್ಮನ್ನೇ ನೋಡುತ್ತ ನಿಲ್ಲುತ್ತದಲ್ಲ, ಆಗ ಅದು ನಿಮ್ಮ ಬೆನ್ನ ಹಿಂದಿನ ಕೈಯಲ್ಲಿ ಏನಿದೆ ಎಂದು ಕೇಳಿಸಿಕೊಳ್ಳುತ್ತಿರುತ್ತದೆ.