ಗೀರಿಗೆ ಹೆದರಿದ ತಗಡು

ಚಿತ್ರಗಾರನ ಮೇಜಿನ ಮೇಲಿದ್ದ ಹೊಸ ತಾಮ್ರದ ತಗಡಿಗೆ ತನ್ನ ಹೊಳಪೆಂದರೆ ಬಲು ಮೋಹ. ಬಣ್ಣ ಹಚ್ಚುವ ಮೊದಲು ಮೈ ಉಜ್ಜಲು ಮರಳಿನಂತೆ ಒರಟಾದ ಉಪ್ಪುಕಾಗದ ಬಂದಾಗ, "ನನ್ನ ಮೈಗೆ ಗೀರು ಬೀಳಬಾರದು, ದೂರವಿರಿ" ಎಂದಿತು.

"ಗೀರೇ ಇಲ್ಲದಿದ್ದರೆ ಬಣ್ಣ ಯಾವುದನ್ನು ಹಿಡಿದು ನಿಲ್ಲಬೇಕು?" ಎಂದು ಕೇಳಿದ ಉಪ್ಪುಕಾಗದ, ಒತ್ತಾಯ ಮಾಡದೆ ಪಕ್ಕದ ಹಳೆಯ ತಗಡನ್ನು ಉಜ್ಜತೊಡಗಿತು.

ಆಮೇಲೆ ಕುಂಚ ಎರಡರ ಮೇಲೂ ನವಿಲು ಬರೆಯಿತು. ಒಣಗಿದ ಮೇಲೆ ಬಟ್ಟೆಯಿಂದ ಒರೆಸಿದ್ದೇ ತಡ, ಹೊಸ ತಗಡಿನ ನವಿಲು ಸಿಪ್ಪೆಯಂತೆ ಎದ್ದು ಬಂತು. ಹಳೆಯದರ ನವಿಲು ಅಲುಗಲಿಲ್ಲ.

ಹೊಸ ತಗಡು ತಾನಾಗಿಯೇ ಉಪ್ಪುಕಾಗದದ ಬಳಿ ಸರಿದು, "ಈಗ ಉಜ್ಜಿರಿ, ತಡೆದುಕೊಳ್ಳುತ್ತೇನೆ" ಎಂದಿತು.

ಉಪ್ಪುಕಾಗದ ತನ್ನ ಮೈ ತೋರಿಸಿತು. ಅದು ಹೊಸ ತಗಡಿನಷ್ಟೇ ನುಣುಪಾಗಿತ್ತು.

"ನನ್ನಲ್ಲಿದ್ದ ಒರಟೆಲ್ಲ ಆ ಹಳೆಯ ತಗಡಿಗೆ ಕೊಟ್ಟಾಯಿತಲ್ಲ, ತಂಗಿ."