ಬಂಗುಡೆ ಕೊಟ್ಟ ಮಾತು

ಇದನ್ನು ನನಗೆ ಮೊದಲು ಹೇಳಿದವಳು ಗಂಗೊಳ್ಳಿಯಿಂದ ನಮ್ಮ ಮನೆಗೆ ಮೀನು ತರುತ್ತಿದ್ದ ಗುಲಾಬಕ್ಕ. ಮುಂದೆ ನಾನು ಕಾಲೇಜಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಮೂರು ವರ್ಷ ಕಲಿತದ್ದನ್ನು ಅವಳು ನಾಲ್ಕು ಮೀನು ಕೊಯ್ಯುವಷ್ಟರಲ್ಲಿ ಹೇಳಿ ಮುಗಿಸಿದ್ದಳು. ಕೇಳು ಮಗಾ.

ಭೂಮಿ ಹೊಸದಾಗಿದ್ದ ಕಾಲ. ಕಡಲಿಗೆ ಹಾಕಿದ ಉಪ್ಪು ಇನ್ನೂ ಸರಿಯಾಗಿ ಕರಗಿರಲಿಲ್ಲ, ಗಾಳಿಗೆ ದಿಕ್ಕು ಗೊತ್ತಿರಲಿಲ್ಲ. ಆಗ ಮೀನು ಸತ್ತರೂ ನೋಡಲು ಬದಲಾಗುತ್ತಿರಲಿಲ್ಲ. ಇವತ್ತು ಹಿಡಿದದ್ದೂ ಹೊಳೆಯುತ್ತಿತ್ತು, ಮೊನ್ನೆ ಹಿಡಿದದ್ದೂ ಹೊಳೆಯುತ್ತಿತ್ತು. ಎರಡಕ್ಕೂ ವಾಸನೆ ಇರಲಿಲ್ಲ.

ಮೀನು ಮಾರುವ ಬಚ್ಚಮ್ಮನಿಗೆ ಇದರಿಂದ ಬಲು ಅನುಕೂಲ. ನಿನ್ನೆ ಉಳಿದದ್ದನ್ನು ಬುಟ್ಟಿಯ ತಳಕ್ಕೆ ಹಾಕಿ, ಇವತ್ತಿನದನ್ನು ಮೇಲೆ ಸುರಿಯುವಳು. ಕೊಂಡವರು ಕೊಸರು ಕೇಳಿದರೆ ತಳಕ್ಕೆ ಕೈಹಾಕಿ ಒಂದು ಮೀನು ಎತ್ತಿ ಕೊಡುವಳು. ಮೋಸವೇನಲ್ಲ, ಎರಡೂ ಒಂದೇ ಎಂದು ಅವಳು ನಂಬಿದ್ದಳು.

ಒಂದು ದಿನ ಸಾಕಕ್ಕ ಮೂರು ಬಂಗುಡೆ ಕೊಂಡು ಕೊಸರಿಗೆ ಕೈಚಾಚಿದಳು. ಬಚ್ಚಮ್ಮ ತಳದಿಂದ ಒಂದು ಪುಟ್ಟ ಬಂಗುಡೆ ತೆಗೆದು ಕೊಟ್ಟಳು. ಗೊತ್ತಲ್ಲ, ಕೊಸರಿಗೆ ಬಂದ ಸಣ್ಣ ಮೀನು ಮನೆಯ ಸಣ್ಣವರಿಗೆ. ಸಾಕಕ್ಕನ ನಾಲ್ಕು ವರ್ಷದ ಮಗಳು ಕುಸುಮ ಅದನ್ನು ತಿಂದಳು. ಸಂಜೆಗೆ ವಾಂತಿ, ಭೇದಿ. ಮರುದಿನ ಬೆಳಿಗ್ಗೆ ಎದ್ದು ಕೂರಲೂ ತ್ರಾಣವಿಲ್ಲ.

ಸುದ್ದಿ ಕೇಳಿ ಬಚ್ಚಮ್ಮ ಓಡಿ ಬಂದಳು. ಸಾಕಕ್ಕ ಬೈಯಲಿಲ್ಲ. ಮಗುವಿನ ಬಾಯಿಗೆ ಗಂಜಿ ತಿಳಿ ಹನಿಸುತ್ತಾ, “ನಿನ್ನ ಕೊಸರು ನಿನ್ನ ಬುಟ್ಟಿಯಲ್ಲೇ ಇರಲಿ ಮಾರಾಯ್ತಿ. ಇನ್ನು ಈ ಕೇರಿಗೆ ಬರಬೇಡ” ಎಂದಳಷ್ಟೆ. ಬೈದಿದ್ದರೆ ಬಚ್ಚಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ.

ಅವಳು ನೇರ ಕಡಲ ಮುಂದೆ ಹೋಗಿ ನಿಂತಳು. ನೀನು ಕೊಟ್ಟ ಮೀನು ಮಗುವನ್ನು ಮಲಗಿಸಿತಲ್ಲ, ಯಾಕೆ ಎಂದು ಕೇಳಿದಳು. ಕಡಲು ತನಗೇನೂ ತಿಳಿಯದು, ಕಿರುಜೀವಿಗಳನ್ನು ಕೇಳು ಎಂದಿತು. ಕಣ್ಣಿಗೆ ಕಾಣದಷ್ಟು ಸಣ್ಣವು ಅವು. ನೀರಲ್ಲಿ, ಮಣ್ಣಲ್ಲಿ, ಬುಟ್ಟಿಯ ಸಂದಿಯಲ್ಲಿ, ಬಚ್ಚಮ್ಮನ ಉಗುರ ಸಂದಿಯಲ್ಲೂ ಇರುವಂಥವು.

ಕಿರುಜೀವಿಗಳು ಸಿಟ್ಟಾಗಲಿಲ್ಲ. ಸತ್ತದ್ದನ್ನು ತಿಂದು ಮುಗಿಸುವುದು ತಮಗೆ ಒಪ್ಪಿಸಿದ ಕೆಲಸ, ತಾವಿಲ್ಲದಿದ್ದರೆ ದಡದ ತುಂಬ ಹೆಣಗಳೇ ಬಿದ್ದಿರುತ್ತಿದ್ದವು ಎಂದವು. ಬಿಸಿಲು, ಕೊಳೆ ಸಿಕ್ಕಿದರೆ ಒಂದಿದ್ದವರು ನೂರಾಗುತ್ತೇವೆ, ತಂಪಿದ್ದರೆ ಮುದುಡಿಕೊಳ್ಳುತ್ತೇವೆ ಎಂದೂ ಹೇಳಿದವು. “ನಾವು ಊಟಕ್ಕೆ ಕೂತದ್ದು ನಿನಗೆ ಕಾಣದಿದ್ದರೆ ನಾವೇನು ಮಾಡುವುದು, ಬಚ್ಚಮ್ಮ? ಕೂಗಿ ಹೇಳುವಷ್ಟು ಗಂಟಲು ನಮಗಿಲ್ಲ.”

ಆಗ ಅಲೆಯ ತುದಿಯಲ್ಲಿ ಒಂದು ಬಂಗುಡೆ ತಲೆಯೆತ್ತಿತು. ಇಷ್ಟೂ ಮಾತು ಕೇಳಿಸಿಕೊಂಡಿತ್ತು.

“ನಾನು ಹೇಳುತ್ತೇನೆ” ಎಂದಿತು. “ಸತ್ತ ಮೇಲೆ ಮಾತು ಇರುವುದಿಲ್ಲ, ಮುಖ ಇರುತ್ತದಲ್ಲ. ತಾಜಾ ಇರುವಷ್ಟು ಹೊತ್ತು ನನ್ನ ಕಣ್ಣು ಹೊಳೆಯಲಿ, ಕಿವಿರು ಕೆಂಪಗಿರಲಿ. ಇವರು ಊಟಕ್ಕೆ ಕೂತರೋ, ಕಣ್ಣು ಮಸುಕಾಗಿ ಗುಳಿಬೀಳಲಿ, ಕಿವಿರು ಕಂದಲಿ, ಮೈ ನಾರಲಿ. ನನ್ನ ಚಂದ ಹೋದರೆ ಹೋಗಲಿ. ನನ್ನಿಂದ ಇನ್ನೊಂದು ಮಗು ಮಲಗುವುದು ಬೇಡ.”

ಬಚ್ಚಮ್ಮ ಕೈಮುಗಿದಳು. ಪ್ರತಿಯಾಗಿ ಏನು ಕೊಡಲಿ ಎಂದು ಕೇಳಿದಳು. ಬಂಗುಡೆ ಹೆಚ್ಚೇನೂ ಬೇಡಲಿಲ್ಲ. ನೆರಳಲ್ಲಿಡು, ತಂಪಾಗಿಡು, ಕೈ ತೊಳೆದು ಮುಟ್ಟು, ಬುಟ್ಟಿಯನ್ನು ದಿನಾ ಒಳ್ಳೆಯ ನೀರಲ್ಲಿ ತೊಳೆ; ಮತ್ತೆ, ನನ್ನ ಮುಖ ನೋಡದೆ ಯಾರೂ ನನ್ನನ್ನು ಕೊಳ್ಳದಿರಲಿ, ಅಷ್ಟೆ.

ನಾಲ್ಕನೆಯ ದಿನ ಕುಸುಮ ಎದ್ದು ಅಂಗಳದಲ್ಲಿ ಓಡಾಡಿದಳು. ಐದನೆಯ ದಿನ ಬಚ್ಚಮ್ಮ ತೊಳೆದ ಬುಟ್ಟಿ ಹೊತ್ತು ಅಳುಕುತ್ತಲೇ ಆ ಕೇರಿಗೆ ಬಂದಳು. ನಡೆದದ್ದನ್ನೆಲ್ಲ ಹೇಳಿ, ನೀನೇ ನೋಡಿಕೋ ಎಂದು ಬುಟ್ಟಿ ಇಳಿಸಿದಳು. ಸಾಕಕ್ಕ ಒಂದು ಬಂಗುಡೆಯ ಕೆನ್ನೆ ಎತ್ತಿದಳು. ಒಳಗೆ ದಾಸವಾಳದಂಥ ಕೆಂಪು. ಇನ್ನೊಂದನ್ನು ಎತ್ತಿದಳು. ಅದೂ ಕೆಂಪು. ಆ ಮೀನನ್ನು ಅಂಗೈಯಲ್ಲಿಟ್ಟುಕೊಂಡು ಅದಕ್ಕೇ ಮೆಲ್ಲಗೆ ಹೇಳಿದಳು, “ನಿನ್ನ ಉಪಕಾರ ದೊಡ್ಡದು.” ಆಮೇಲೆ ಬಚ್ಚಮ್ಮನ ಕಡೆ ತಿರುಗಿ, “ನಾಳೆಯೂ ಬಾ” ಎಂದಳು.

ಅದಕ್ಕೇ ಮಗಾ, ಇವತ್ತಿಗೂ ಮೀನು ಮಾರ್ಕೆಟಿನಲ್ಲಿ ನಿನ್ನಮ್ಮ ಹೆಬ್ಬೆರಳಲ್ಲಿ ಮೀನಿನ ಕೆನ್ನೆ ಎತ್ತಿ ಕೆಂಪಿದೆಯೇ ಎಂದು ನೋಡುವುದು, ಹಾಳಾದ ಮೀನು ಬೀದಿಯ ಆ ತುದಿಯಿಂದಲೇ ನಾರುವುದು. ಮೂಗು ಮುಚ್ಚಿಕೋ, ಬೇಡ ಎನ್ನುವುದಿಲ್ಲ. ಮನಸ್ಸಿನಲ್ಲೇ ಆ ವಾಸನೆಗೊಂದು ನಮಸ್ಕಾರ ಹಾಕು. ಚೀಲ ಹಿಡಿದು ಮೀನಿಗೆ ಹೊರಟವರು ಯಾರಾದರೂ ಸಿಕ್ಕರೆ, ಇದನ್ನು ಅವರಿಗೂ ಹೇಳಿ ಕಳಿಸು.