ಓಂಕಾರಪ್ಪನವರ ಬಾಡಿಗೆ ಮನೆ

ಹರಿಹರದಲ್ಲಿ ಓಂಕಾರಪ್ಪ ಎಂಬ ಪಾತ್ರೆ ವ್ಯಾಪಾರಿ ಇದ್ದರು. ಮೂವತ್ತು ವರ್ಷ ಅಂಗಡಿಯಲ್ಲಿ ನಿಂತು ನಿಂತು ಅವರ ಕಾಲುಗಳು ಸೋತಿದ್ದವು. ಮೆಲ್ಲಗೆ ಅಂಗಡಿ ಬಿಟ್ಟು ಬಾಡಿಗೆ ಹಣದಲ್ಲಿ ಆರಾಮವಾಗಿ ಇರೋಣ ಎಂದು, ಕೂಡಿಟ್ಟದ್ದನ್ನೆಲ್ಲ ಸುರಿದು ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಮಹಡಿ ಮನೆ ಕೊಂಡರು. ಬೆಲೆ ಬಹಳ ಕಡಿಮೆ ಇತ್ತು. ಯಾಕೆ ಕಡಿಮೆ ಎಂದು ಅವರು ಕೇಳಲಿಲ್ಲ. ಕೇಳಿದರೆ ಮಾರುವವನ ಮನಸ್ಸು ಎಲ್ಲಿ ಬದಲಾದೀತೋ ಎಂಬ ಅವಸರ ಅವರಿಗೆ.

ನೋಂದಣಿ ಮುಗಿದ ಮೇಲೆ ಗಾರೆ ಮೇಸ್ತ್ರಿ ಖಾಸಿಂ ಸಾಬರನ್ನು ಕರೆಸಿದರು. ಸಾಬರು ಮಹಡಿಯ ನಡುಮನೆಗೆ ಹೋಗಿ, ಒಂದು ಕೋಲಿನಿಂದ ಚಾವಣಿಯನ್ನು ತಟ್ಟಿದರು. ಟೊಳ್ಳು ಸದ್ದು ಬಂತು. ಗಾರೆಯ ಒಂದು ಚಕ್ಕೆ ಕಿತ್ತು ತೋರಿಸಿದರು. ಒಳಗಿನ ಕಂಬಿ ತುಕ್ಕು ಹಿಡಿದು ಪದರು ಪದರಾಗಿ ಉದುರುತ್ತಿತ್ತು.

"ಯಜಮಾನ್ರೇ, ಇದನ್ನ ಒಡೆದು ಹೊಸದಾಗಿ ಹಾಕ್ಬೇಕು. ಎಷ್ಟು ದಿನ ನಿಲ್ಲುತ್ತೆ ಅಂತ ಹೇಳಕ್ಕಾಗಲ್ಲ. ನಾಳೆನೇ ಬೀಳಬಹುದು, ಐದು ವರ್ಷ ನಿಂತರೂ ನಿಲ್ಲಬಹುದು" ಎಂದರು.

ಓಂಕಾರಪ್ಪನವರ ಕಿವಿಗೆ ಬಿದ್ದದ್ದು ಐದು ವರ್ಷ ಎಂಬ ಮಾತೊಂದೇ. "ಸದ್ಯಕ್ಕೆ ಮೇಲೊಂದು ಪದರ ಗಾರೆ ಹಾಕಿ ಸುಣ್ಣ ಬಣ್ಣ ಮಾಡಿಬಿಡಿ ಸಾಬ್ರೇ."

"ಆ ಕೆಲಸ ನನ್ನ ಕೈಯಲ್ಲಿ ಆಗಲ್ಲ" ಎಂದ ಖಾಸಿಂ ಸಾಬರು ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದೇಬಿಟ್ಟರು. ಬೇರೆ ಯಾರೋ ಬಂದು ಗಾರೆ ಮೆತ್ತಿ ಬಣ್ಣ ಬಳಿದರು. ಚಾವಣಿ ಹೊಸದರಂತೆ ಬೆಳ್ಳಗೆ ಹೊಳೆಯಿತು.

ಹದಿನೈದು ದಿನ ಕಳೆದಿರಲಿಲ್ಲ, ಬಸ್ ಕಂಡಕ್ಟರ್ ರೇವಣ್ಣ ಹೆಂಡತಿಯನ್ನೂ ಕೈಗೂಸನ್ನೂ ಕರೆದುಕೊಂಡು ಮಹಡಿ ಮನೆ ನೋಡಲು ಬಂದ. ಎಲ್ಲ ಸುತ್ತಾಡಿ ನೋಡಿ, "ಹಳೇ ಕಟ್ಟಡ, ಗಟ್ಟಿಯಾಗಿದೆಯಾ ಸಾರ್?" ಎಂದು ಕೇಳಿದ.

"ಕಲ್ಲಿದ್ದ ಹಾಗಿದೆ ಕಣಪ್ಪ" ಎಂದರು ಓಂಕಾರಪ್ಪ. ಮಾತು ಅಷ್ಟು ಸಲೀಸಾಗಿ ಬಂದದ್ದು ಅವರಿಗೇ ಆಶ್ಚರ್ಯವಾಯಿತು.

ಮೊದಮೊದಲು ಬಾಡಿಗೆಗೆಂದು ಅವರೇ ಮಹಡಿಗೆ ಹೋಗುತ್ತಿದ್ದರು. ಹೋದಾಗಲೆಲ್ಲ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಚಾವಣಿಯ ನಟ್ಟನಡುವೆ ಕೂಸಿನ ತೊಟ್ಟಿಲು ತೂಗಾಡುತ್ತಿತ್ತು. ಅದನ್ನು ಕಂಡ ಮೇಲೆ ಅವರು ಆ ಕಡೆ ಸುಳಿಯಲಿಲ್ಲ. "ಬಾಡಿಗೆ ಅಂಗಡಿಗೇ ತಂದುಕೊಡು, ನನಗೆ ಮೆಟ್ಟಿಲು ಹತ್ತೋಕಾಗಲ್ಲ" ಎಂದು ರೇವಣ್ಣನಿಗೆ ಹೇಳಿ ಕಳಿಸಿದರು.

ಹೀಗೆ ಹತ್ತು ತಿಂಗಳಾಯಿತು. ಒಂದು ಭಾನುವಾರ ಮಗಳು ಚಂದ್ರಕಲಾ ತನ್ನ ಪುಟ್ಟ ಮಗಳೊಂದಿಗೆ ತವರಿಗೆ ಬಂದಳು. ಊಟಕ್ಕೆ ಕೂತಾಗ ಖುಷಿಯಿಂದ ಹೇಳಿದಳು: "ಅಪ್ಪಾಜಿ, ಇವರಿಗೆ ಈ ಊರಿಗೇ ವರ್ಗ ಆಗಿದೆ. ನಿಮ್ಮ ಮಹಡಿ ಮನೆ ಕರಾರು ಮುಂದಿನ ತಿಂಗಳು ಮುಗಿಯುತ್ತಲ್ಲ, ನಾವೇ ಬಂದುಬಿಡ್ತೀವಿ."

ಓಂಕಾರಪ್ಪನವರ ಕೈ ತುತ್ತಿನೊಡನೆ ಅಲ್ಲೇ ನಿಂತಿತು. "ಆ ಮನೆ ಬೇಡಮ್ಮ. ಬಿಸಿಲು ಜಾಸ್ತಿ."

"ಫ್ಯಾನ್ ಹಾಕ್ಕೊಂಡ್ರಾಯ್ತು."

"ಮೆಟ್ಟಿಲು ಕಡಿದು. ಮಗು ಜಾರಿ ಬೀಳುತ್ತೆ."

"ಒಂದು ಬಾಗಿಲು ಮಾಡಿಸಿದ್ರಾಯ್ತು. ಅಪ್ಪಾಜಿ, ಸ್ವಂತ ಮನೆ ಇಟ್ಕೊಂಡು ನಾವು ಇನ್ನೊಬ್ಬರ ಮನೆಗೆ ಬಾಡಿಗೆ ಕಟ್ಟಬೇಕಾ?"

ಓಂಕಾರಪ್ಪನವರಿಗೆ ತಡೆಯಲಾಗಲಿಲ್ಲ. "ಆ ಚಾವಣಿ ಕೆಳಗೆ ನನ್ನ ಮೊಮ್ಮಗಳನ್ನ ಮಲಗಿಸಲ್ಲ ನಾನು!" ಎಂದು ಕೂಗಿಬಿಟ್ಟರು.

ಚಂದ್ರಕಲಾ ಅಪ್ಪನ ಮುಖವನ್ನೇ ನೋಡಿದಳು. ಮೆಲ್ಲಗೆ ಕೇಳಿದಳು: "ಮತ್ತೆ ಈಗ ಅಲ್ಲಿ ಯಾರು ಮಲಗ್ತಿದ್ದಾರೆ ಅಪ್ಪಾಜಿ?"

ಅವರು ಊಟ ಬಿಟ್ಟು ಎದ್ದರು. ಕೈ ತೊಳೆದು, ಚಪ್ಪಲಿ ಮೆಟ್ಟಿ, ನೆಟ್ಟಗೆ ಹಿಂದಿನ ಬೀದಿಗೆ ನಡೆದರು.

"ರೇವಣ್ಣ, ಇವತ್ತೇ ಮನೆ ಖಾಲಿ ಮಾಡಪ್ಪ. ಚಾವಣಿ ಸರಿಯಿಲ್ಲ."

ರೇವಣ್ಣ ನಕ್ಕ. "ಬಾಡಿಗೆ ಜಾಸ್ತಿ ಬೇಕಿದ್ರೆ ನೇರವಾಗಿ ಕೇಳಿ ಸಾರ್. ಇಲ್ಲ ಬೇರೆಯವರಿಗೆ ಕೊಡೋಕೆ ನಮ್ಮನ್ನ ಓಡಿಸ್ತಿದ್ದೀರಾ?"

ಸುಳ್ಳು ಹೇಳಿದಾಗ ನಂಬಿದ್ದವನು ಈಗ ನಿಜ ಹೇಳಿದರೆ ನಂಬುತ್ತಿಲ್ಲ. ಮುಚ್ಚಿಟ್ಟದ್ದನ್ನು ಪೂರ್ತಿ ಬಿಚ್ಚದೆ ಬೇರೆ ದಾರಿ ಇರಲಿಲ್ಲ. "ನೀನು ಬರೋ ಮೊದಲೇ ನನಗೆ ಗೊತ್ತಿತ್ತು. ಮೇಸ್ತ್ರಿ ಹೇಳಿದ್ರು. ನಾನೇ ಮೇಲೆ ಬಣ್ಣ ಬಳಿಸಿದೆ."

ಒಳಗಿನಿಂದ ಕೇಳಿಸಿಕೊಂಡ ರೇವಣ್ಣನ ಹೆಂಡತಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ರೇವಣ್ಣನ ಮುಖ ಕೆಂಪಾಯಿತು. "ಹತ್ತು ತಿಂಗಳು ಸಾರ್! ನಮ್ಮ ಕೂಸು ಹತ್ತು ತಿಂಗಳು ಇದರ ಕೆಳಗೆ ಮಲಗಿದೆ."

ಓಂಕಾರಪ್ಪ ತಲೆ ತಗ್ಗಿಸಿ ನಿಂತರು.

ಆ ಸಂಜೆಯೇ ರೇವಣ್ಣನ ಸಂಸಾರವನ್ನು ತಮ್ಮ ಮನೆಯ ಮುಂದಿನ ಕೋಣೆಗೆ ಕರೆತಂದರು. ಬೇರೆ ಮನೆ ಸಿಗುವವರೆಗೂ ಇಟ್ಟುಕೊಂಡರು. ಮುಂಗಡವನ್ನು ಪೂರ್ತಿ ಹಿಂದಿರುಗಿಸಿದರು. ಆಮೇಲೆ ಖಾಸಿಂ ಸಾಬರ ಮನೆ ಬಾಗಿಲಿಗೆ ತಾವೇ ಹೋಗಿ ಕರೆದರು.

ಸಾಬರು ಬಂದರು. ಚಾವಣಿಗೆ ಹಾಕಿದ ಸುತ್ತಿಗೆಯ ಮೂರನೆಯ ಏಟಿಗೇ ಮಂಚದಗಲದ ಒಂದು ತುಂಡು ಧೊಪ್ಪೆಂದು ನೆಲಕ್ಕೆ ಬಿತ್ತು. ಧೂಳು ಅಡಗಿದ ಮೇಲೆ ನೋಡಿದರೆ, ಅದು ಬಿದ್ದದ್ದು ತೊಟ್ಟಿಲು ತೂಗುತ್ತಿದ್ದ ಜಾಗದಲ್ಲೇ. ಓಂಕಾರಪ್ಪ ಗೋಡೆ ಹಿಡಿದು ಕೂತುಬಿಟ್ಟರು.

ಚಾವಣಿ ಹೊಸದಾಯಿತು. ಅದರ ಖರ್ಚಿಗಾಗಿ ಓಂಕಾರಪ್ಪ ಇನ್ನೆರಡು ವರ್ಷ ಅಂಗಡಿಯಲ್ಲಿ ನಿಲ್ಲಬೇಕಾಯಿತು. ಚಾವಣಿ ಆಗುವಷ್ಟರಲ್ಲಿ ಚಂದ್ರಕಲಾ ಬೇರೆ ಮನೆ ಹಿಡಿದಿದ್ದಳು. ಬನ್ನಿ ಎಂದು ಕರೆದರೂ ರೇವಣ್ಣ ಆ ಮನೆಗೆ ವಾಪಸ್ ಬರಲಿಲ್ಲ. ಅವನು ಮಾಡಿದ್ದು ತಪ್ಪು ಎಂದು ಓಂಕಾರಪ್ಪನವರಿಗೆ ಒಮ್ಮೆಯೂ ಅನ್ನಿಸಲಿಲ್ಲ.

ಈಗ ಯಾರೇ ಮನೆ ನೋಡಲು ಬಂದರೂ ಓಂಕಾರಪ್ಪ ಮೊದಲು ಕೊರತೆಗಳನ್ನೇ ಹೇಳುತ್ತಾರೆ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಬಚ್ಚಲು ಚಿಕ್ಕದು, ಮಧ್ಯಾಹ್ನ ಬಿಸಿಲು ಹೊಡೆಯುತ್ತದೆ. ಇದನ್ನು ಕೇಳಿ ಎರಡು ಸಂಸಾರದವರು ಹಾಗೇ ಹಿಂದಿರುಗಿದರು. ಮೂರನೆಯವರು ಒಬ್ಬರು ನಿವೃತ್ತ ಶಾಲಾ ಮೇಡಂ. ಎಲ್ಲವನ್ನೂ ಕೇಳಿಸಿಕೊಂಡು, "ಒಂದು ಡ್ರಮ್ ತಂದಿಟ್ಟುಕೊಂಡರೆ ನೀರಿನ ಚಿಂತೆ ತೀರಿತು. ಬೀಗದ ಕೈ ಕೊಡಿ" ಎಂದರು. ಅಂದು ಓಂಕಾರಪ್ಪ ಮನೆಗೆ ಬಂದು, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡರು.

ನೀತಿ: ಬಾಡಿಗೆ ಕೊಡುವವನು ಇನ್ನೊಬ್ಬರ ಜೀವದ ಹೊಣೆಯನ್ನೂ ಹೊತ್ತಿರುತ್ತಾನೆ. ನಮ್ಮ ಮಕ್ಕಳನ್ನು ಮಲಗಿಸಲು ಹೆದರುವ ಮನೆಯಲ್ಲಿ ಪರರ ಮಕ್ಕಳನ್ನು ಮಲಗಿಸಬಾರದು. ಅಗ್ಗಕ್ಕೆ ಸಿಕ್ಕಿದ ಆಸ್ತಿ ಯಾಕೆ ಅಗ್ಗ ಎಂದು ಕೊಳ್ಳುವ ಮುಂಚೆ ಕೇಳಬೇಕು; ಉತ್ತರ ಗೊತ್ತಾದ ಮೇಲೆ ಅದನ್ನು ಮುಚ್ಚಿಡಬಾರದು.